ಮೈ ಲೂಸ್ ಬಿಡು

ಬೇರಿಂಗ್ ಗಾಡಿ ಓಡಿಸಿದವರಿಗೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಓಡಿಸದವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಂದು ಉದ್ದದ ಹಲಗೆ, ಅದರ ಕೆಳಗೆ ಅಡ್ಡಕ್ಕೆ ಎರಡು ರೀಪು, ರೀಪಿನ ತುದಿಗಳಿಗೆ ಗ್ಯಾರೇಜಿನವರು ಬಿಸಾಕಿದ ಹಳೇ ಬೇರಿಂಗು. ಮುಂದಿನ ರೀಪಿಗೆ ಮಧ್ಯದಲ್ಲಿ ಒಂದೇ ಬೋಲ್ಟು, ಯಾಕೆಂದರೆ ಅದು ತಿರುಗಬೇಕು. ಅದರ ಮೇಲೆ ಎರಡೂ ಕಾಲಿಟ್ಟು ಕೂತರೆ ಅದೇ ಸ್ಟೇರಿಂಗು. ಬ್ರೇಕ್ ಇಲ್ಲ. ಚಪ್ಪಲಿ ಇದ್ದರೆ ಚಪ್ಪಲಿ, ಇಲ್ಲದಿದ್ದರೆ ಹಿಮ್ಮಡಿ.

ನಮ್ಮ ಮನೆ ಇದ್ದದ್ದು ಚಿಕ್ಕಮಗಳೂರಿನಿಂದ ಕೈಮರಕ್ಕೆ ಹೋಗುವ ದಾರಿಯಲ್ಲಿ. ಕೈಮರದ ಚೆಕ್‌ಪೋಸ್ಟ್ ದಾಟಿದರೆ ರಸ್ತೆ ಗಿರಿ ಹತ್ತಲು ಶುರು. ಆ ರಸ್ತೆಗೆ ನಮ್ಮನ್ನು ಬಿಡುತ್ತಿರಲಿಲ್ಲ, ಮುಳ್ಳಯ್ಯನಗಿರಿಗೆ, ಬಾಬಾಬುಡನ್‌ಗಿರಿಗೆ ಹೋಗುವ ಗಾಡಿಗಳ ಕಾಟ. ಪಕ್ಕದ ಕಾಫಿ ತೋಟದ ಒಳಗೊಂದು ಇಳಿಜಾರು ರಸ್ತೆ ಇತ್ತು, ಅದೇ ನಮಗೆ ಗತಿ. ಎರಡು ತಿರುವು, ಆಮೇಲೆ ಒಂದು ನೇರ, ಕೊನೆಯಲ್ಲಿ ಕಣ. ಕಣದಲ್ಲಿ ಕಾಫಿ ಹರವಿರದಿದ್ದರೆ ಮಾತ್ರ ಆಟ.

ಗಾಡಿ ಬಿಡುವ ಮೊದಲು ಕೆಲಸ ತುಂಬಾ ಇರುತ್ತಿತ್ತು. ಒಬ್ಬ ಲಂಟಾನದ ಕೊಂಬೆ ಕಟ್ಟಿ ತಿರುವಿನ ಮರಳು, ಸಿಲ್ವರ್ ಓಕಿನ ಎಲೆ ಎಲ್ಲ ಗುಡಿಸಬೇಕು. ಇನ್ನೊಬ್ಬ ಕೆಳಗಿನ ತಿರುವಿನಲ್ಲಿ ನಿಂತು, ಜೀಪ್ ಬಂದರೆ ಸಿಳ್ಳೆ ಹಾಕಬೇಕು. ಮತ್ತೊಬ್ಬ ಹಿಂದಿನಿಂದ ತಳ್ಳಬೇಕು. ನಾನು ಮೊದಲ ಸಲ ಕೂತಾಗ ಭಯಕ್ಕೆ ಹಲಗೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ, ಎರಡನೇ ತಿರುವಿನಲ್ಲಿ ಗಾಡಿ ಒಂದು ಕಡೆ ಹೋಯಿತು, ನಾನು ಅದರ ಜೊತೆಗೇ ಮಗುಚಿದೆ. ಮಂಡಿ ಚರ್ಮ ಹೋಯಿತು, ಗುರುತು ಇವತ್ತಿಗೂ ಇದೆ. ದೊಡ್ಡಪ್ಪನ ಮಗ, ನನ್ನ ಅಣ್ಣ, ಗಾಯಕ್ಕೆ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡುತ್ತಾ ಹೇಳಿದ್ದು ಒಂದೇ ಮಾತು. "ಮೈ ಲೂಸ್ ಬಿಡು ಮಾರಾಯ. ಬಿಗಿ ಹಿಡಿದ್ರೆ ಬೀಳ್ತೀಯ."

ಇದೆಲ್ಲ ಮತ್ತೆ ನೆನಪಾದದ್ದು 2014ರ ಫೆಬ್ರವರಿಯಲ್ಲಿ. ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿತ್ತು. ನಮ್ಮಲ್ಲಿ ಆಗ ಯಾರಿಗೆ ಅದರ ಗೊಡವೆ? ರೊಬಸ್ಟಾ ಕೊಯ್ಲು, ಹೂಮಳೆ ಯಾವಾಗ ಬರುತ್ತೋ ಅನ್ನುವ ಚಿಂತೆ. ಆದರೆ ಒಂದು ವಿಡಿಯೋ ಎಲ್ಲರ ಫೋನಿಗೂ ಬಂತು. ಮಂಜುಗಡ್ಡೆಯ ಕಾಲುವೆಯಂಥ ದಾರಿ. ಒಬ್ಬ ಮನುಷ್ಯ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಚಿಕ್ಕ ಜಾರುಬಂಡಿಯ ಮೇಲೆ ಕೆಳಗೆ ಬರುತ್ತಿದ್ದಾನೆ. ನಡುವೆ ಬಂಡಿಯಿಂದ ಜಾರಿ ಬೀಳುತ್ತಾನೆ. ಬೆನ್ನು ಮಂಜಿನ ಮೇಲೆ, ಬಂಡಿ ಪಕ್ಕದಲ್ಲಿ, ಎರಡೂ ಒಂದೇ ವೇಗದಲ್ಲಿ ಜಾರುತ್ತಿವೆ. ಅವನು ಬಂಡಿಯನ್ನು ಬಿಡುವುದಿಲ್ಲ. ನಿಧಾನಕ್ಕೆ ಅದರ ಮೇಲೆ ಮತ್ತೆ ಹತ್ತಿ ಮಲಗಿ, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಓಟ ಮುಗಿಸುತ್ತಾನೆ.

ಅವನೇ ಶಿವ ಕೇಶವನ್, ನಮ್ಮ ಭಾರತದವನು. ಆಟದ ಹೆಸರು ಲೂಜ್.

ವಿಡಿಯೋ ನೋಡಿದವರೆಲ್ಲ ಅದೃಷ್ಟ, ಪವಾಡ ಅಂದರು. ನನಗೆ ಮಾತ್ರ ಕಂಡದ್ದು ಅವನ ಮೈ. ಬಿದ್ದಾಗ ಕೂಡ ಅದು ಬಿಗಿಯಾಗಲಿಲ್ಲ. ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಭುಜ ಸಡಿಲ, ಕುತ್ತಿಗೆ ಸಡಿಲ, ಕೈ ಮಾತ್ರ ಬಂಡಿ ಬಿಟ್ಟಿಲ್ಲ. ಅವತ್ತಿನಿಂದ ಈ ಆಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ನನಗೆ ಅನಿಸುವುದು ಇಷ್ಟು: ನಾವು ಈ ಮನುಷ್ಯನ ಕಥೆಯನ್ನು ಯಾವಾಗಲೂ 'ಪಾಪ, ಏನೂ ಇಲ್ಲದೆ ಅಷ್ಟು ಮಾಡಿದ' ಅಂತಲೇ ಹೇಳುತ್ತೇವೆ. ಅವನಿಗೆ ಆ ವಿದ್ಯೆ ಎಷ್ಟು ಚೆನ್ನಾಗಿ ಬರುತ್ತಿತ್ತು ಅನ್ನುವುದನ್ನು ಹೇಳುವುದೇ ಇಲ್ಲ.

ಹಾಗಾಗಿ ಮೊದಲು ವಿದ್ಯೆಯ ವಿಷಯ.

ಲೂಜ್ ಬಂಡಿಗೆ ಎರಡು ಓಡುಕಾಲು, ಅಂದರೆ ಜಾರಲು ಇರುವ ಉದ್ದ ಪಟ್ಟಿ, ಅವುಗಳ ಕೆಳಗೆ ಉಕ್ಕಿನ ಅಲಗು. ಒಬ್ಬರೇ ಓಡಿಸುವ ಬಂಡಿ ಸುಮಾರು 23 ಕೆ.ಜಿ. ಅಂದರೆ ಅರ್ಧ ಮೂಟೆ ಕಾಫಿಗಿಂತ ಕಡಿಮೆ. ಬಂಡಿಯ ಮೇಲೆ ಕೂತು ಎರಡು ಹಿಡಿಕೆ ಹಿಡಿದು ಮೈಯನ್ನು ಹಿಂದೆ ಮುಂದೆ ತೂಗಿ ಜಗ್ಗಿಕೊಂಡು ಹೊರಡಬೇಕು. ಕೈಗವಸಿನ ಬೆರಳ ತುದಿಯಲ್ಲಿ ಸಣ್ಣ ಮೊಳೆಗಳಿರುತ್ತವೆ, ಅವುಗಳಿಂದ ಮಂಜನ್ನು ನಾಲ್ಕಾರು ಸಲ ಹೊಡೆದು ವೇಗ ಹೆಚ್ಚಿಸಿಕೊಳ್ಳಬೇಕು. ಆಮೇಲೆ ಮಲಗುವುದು. ಅಲ್ಲಿಂದ ಕೆಳಗಿನ ತನಕ ಎಲ್ಲಾ ಕೆಲಸ ಇಳಿಜಾರಿನದ್ದೇ. ಗಂಟೆಗೆ 130 ಕಿ.ಮೀ. ದಾಟುತ್ತದೆ. ಕೆಲವು ತಿರುವಿನಲ್ಲಿ ಮೈಯ ತೂಕ ನಾಲ್ಕೈದು ಪಟ್ಟು ಆದ ಹಾಗೆ ಒತ್ತುತ್ತದೆ. ಆ ಒತ್ತಡದಲ್ಲಿ ತಲೆ ಎತ್ತಿ ಹಿಡಿಯಬೇಕು, ಆದರೆ ಜಾಸ್ತಿ ಎತ್ತಿದರೆ ಗಾಳಿ ತಡೆಯುತ್ತದೆ. ಹಾಗಾಗಿ ದಾರಿ ಪೂರ್ತಿ ಕಾಣುವುದೇ ಇಲ್ಲ. ದಾರಿ ಬಾಯಿಪಾಠ ಆಗಿರಬೇಕು. ಓಟಕ್ಕೆ ಮೊದಲು ಆಟಗಾರರು ಟ್ರ್ಯಾಕ್ ಉದ್ದಕ್ಕೂ ನಡೆದು ನೋಡುತ್ತಾರೆ, ಆಮೇಲೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತು ಒಂದೊಂದೇ ತಿರುವಿಗೆ ತಲೆ ವಾಲಿಸುತ್ತಾ ಮನಸ್ಸಿನಲ್ಲೇ ಇಳಿಯುತ್ತಾರೆ. ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲಿ ಕಾರ್ ರ‍್ಯಾಲಿ ನಡೆಯುವಾಗ ಡ್ರೈವರ್‌ಗಳು ಮುಂಚೆಯೇ ಬಂದು ನಿಧಾನಕ್ಕೆ ಓಡಿಸಿ ತಿರುವುಗಳನ್ನು ಬರೆದುಕೊಳ್ಳುತ್ತಾರಲ್ವಾ, ಹಾಗೆ. ಆದರೆ ರ‍್ಯಾಲಿಯಲ್ಲಿ ಪಕ್ಕದ ಸೀಟಿನವನು ಓದಿ ಹೇಳುತ್ತಾನೆ. ಇಲ್ಲಿ ಪಕ್ಕದ ಸೀಟೇ ಇಲ್ಲ.

ತಿರುಗಿಸುವುದು ಹೇಗೆ ಅನ್ನುವುದೇ ನನಗೆ ತುಂಬಾ ಇಷ್ಟವಾದ ಭಾಗ. ಓಡುಕಾಲಿನ ಮುಂದಿನ ತುದಿ ಬಾಗಿ ಮೇಲೆ ಬಂದಿರುತ್ತದೆ. ಮೀನಖಂಡದಿಂದ ಅದನ್ನು ಒಳಕ್ಕೆ ಒತ್ತಬೇಕು. ಬಲಗಾಲು ಒತ್ತಿದರೆ ಎಡಕ್ಕೆ, ಎಡಗಾಲು ಒತ್ತಿದರೆ ಬಲಕ್ಕೆ. ಜೊತೆಗೆ ಎದುರು ಭುಜವನ್ನು ಸ್ವಲ್ಪವೇ ಸ್ವಲ್ಪ ಕೆಳಗೆ ಭಾರ ಬಿಡಬೇಕು. ಹೊರಗೆ ನಿಂತು ನೋಡುವವರಿಗೆ ಏನೂ ಕಾಣುವುದಿಲ್ಲ. ಹೆದರಿ ಮೈ ಬಿಗಿ ಮಾಡಿದರೆ ಎರಡೂ ಕಾಲು ಒಟ್ಟಿಗೆ ಒತ್ತುತ್ತವೆ, ಭುಜ ಗಟ್ಟಿಯಾಗುತ್ತದೆ, ಬಂಡಿಗೆ ಏನು ಹೇಳುತ್ತಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಅದು ಗೋಡೆಗೆ ಬಡಿಯುತ್ತದೆ. ಜೀವಭಯ ಇರುವ ಜಾಗದಲ್ಲಿ ನಿದ್ದೆಗೆ ಜಾರುವವರ ಹಾಗೆ ಮೈ ಬಿಟ್ಟು ಮಲಗಬೇಕು, ಮನಸ್ಸು ಮಾತ್ರ ಎಚ್ಚರ. ನಮ್ಮ ಅಣ್ಣ ಹೇಳಿದ್ದು ಅದೇ ತಾನೇ.

ಭಯ ಸುಮ್ನೆ ಮಾತಿಗೆ ಹೇಳುವ ಭಯ ಅಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಶುರುವಾಗುವ ದಿನವೇ, ಫೆಬ್ರವರಿ 12ರಂದು, ವಿಸ್ಲರ್‌ನ ಟ್ರ್ಯಾಕ್‌ನಲ್ಲಿ ಜಾರ್ಜಿಯಾದ ನೋದರ್ ಕುಮಾರಿತಾಶ್ವಿಲಿ ಅನ್ನುವ 21 ವರ್ಷದ ಹುಡುಗ ತಾಲೀಮಿನ ಓಟದಲ್ಲಿ ಹೊರಗೆ ಎಸೆಯಲ್ಪಟ್ಟು ಕಂಬಕ್ಕೆ ಬಡಿದು ತೀರಿಕೊಂಡ. ಗಂಡಸರ ಓಟವನ್ನು ಆಮೇಲೆ ಕೆಳಗಿನಿಂದ, ಹೆಂಗಸರು ಹೊರಡುವ ಜಾಗದಿಂದ ಶುರು ಮಾಡಿಸಿದರು. ಅದೇ ಟ್ರ್ಯಾಕ್‌ನಲ್ಲಿ, ಮರುದಿನವೇ, ಉಳಿದವರು ಮಲಗಿ ಇಳಿದರು. ಕೇಶವನ್ ಕೂಡ ಇಳಿದರು. 29ನೇ ಸ್ಥಾನ. ಆ 29 ಅನ್ನುವ ಅಂಕಿಯನ್ನು ಓದುವಾಗ ನನಗೆ ಆ ಕಂಬ ನೆನಪಾಗುತ್ತದೆ.

ಈಗ ಅವರ ಬದುಕಿನ ವಿಷಯ. ಹುಟ್ಟಿದ್ದು 1981ರಲ್ಲಿ, ಹಿಮಾಚಲದ ಮನಾಲಿಯಲ್ಲಿ. ಅಪ್ಪ ಕೇರಳದವರು, ಅಮ್ಮ ಇಟಲಿಯವರು. ಮನಾಲಿ ಪಕ್ಕದ ವಶಿಷ್ಠ ಅನ್ನುವ ಹಳ್ಳಿಯಲ್ಲಿ ಅವರದ್ದೊಂದು ಇಟಾಲಿಯನ್ ಹೋಟೆಲ್ಲು. ಹುಡುಗ ಸನಾವರದ ಲಾರೆನ್ಸ್ ಶಾಲೆಯಲ್ಲಿ ಓದುತ್ತಿದ್ದಾಗ, ಆಸ್ಟ್ರಿಯಾದ ಹಳೆಯ ಲೂಜ್ ಆಟಗಾರ ಗುಂಟರ್ ಲೆಮ್ಮರರ್ ಭಾರತಕ್ಕೆ ಬಂದು ಪಂಚಕುಲದಲ್ಲಿ ಒಂದು ಶಿಬಿರ ನಡೆಸಿದರು. ಅಲ್ಲಿ ಮಂಜು ಎಲ್ಲಿಂದ ಬರಬೇಕು? ಬಂಡಿಗೆ ಚಕ್ರ ಹಾಕಿ ಡಾಂಬರು ರಸ್ತೆಯಲ್ಲಿ ಬಿಟ್ಟರು.

ಚಕ್ರ ಹಾಕಿ! ಇದನ್ನು ಓದಿದಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಒಲಿಂಪಿಕ್ಸ್‌ಗೆ ಹೋದ ಮನುಷ್ಯ ಕಲಿತದ್ದು ಒಂದು ಬಗೆಯ ಬೇರಿಂಗ್ ಗಾಡಿಯಲ್ಲಿ.

1998ರ ನಾಗಾನೋ ಒಲಿಂಪಿಕ್ಸ್‌ಗೆ ಭಾರತದಿಂದ ಹೋದದ್ದು ಒಬ್ಬರೇ ಆಟಗಾರ, ಅದು ಇವರು. ವಯಸ್ಸು 16. ಬಾವುಟ ಹಿಡಿದು ನಡೆಯಲು ಬೇರೆ ಯಾರಿದ್ದರು? 28ನೇ ಸ್ಥಾನ ಬಂತು. ಅಲ್ಲಿಂದ 2002ರ ಸಾಲ್ಟ್ ಲೇಕ್ ಸಿಟಿ, ಅಲ್ಲೂ ಭಾರತ ತಂಡ ಅಂದರೆ ಇವರೊಬ್ಬರೇ, 33ನೇ ಸ್ಥಾನ. 2006ರಲ್ಲಿ ಇಟಲಿಯ ಟುರಿನ್, 25ನೇ ಸ್ಥಾನ, ಅದೇ ಅವರ ಒಲಿಂಪಿಕ್ಸ್‌ನ ಅತಿ ಒಳ್ಳೆಯ ಸಾಧನೆ. ಅಮ್ಮನ ದೇಶ ಅದು. ಇಟಲಿ ಪರ ಆಡಲು ಕರೆಯೂ ಬಂದಿತ್ತು. ಹೋಗಿದ್ದರೆ ಒಳ್ಳೆಯ ಬಂಡಿ, ಕೋಚ್, ಟ್ರ್ಯಾಕ್ ಎಲ್ಲ ಸಿಗುತ್ತಿತ್ತು. ಆರು ಒಲಿಂಪಿಕ್ಸ್‌ನಲ್ಲಿ ಬಿಡದೆ ಪದಕ ಗೆದ್ದ ಆರ್ಮಿನ್ ಝೊಗ್ಗೆಲರ್ ಇದ್ದ ತಂಡ ಅದು. ಇವರು ಒಪ್ಪಲಿಲ್ಲ.

ಇಲ್ಲೇ ಜನ ಒಂದು ಪ್ರಶ್ನೆ ಕೇಳುತ್ತಾರೆ. ಆರು ಒಲಿಂಪಿಕ್ಸ್‌ಗೆ ಹೋಗಿ ಒಂದೂ ಪದಕ ಇಲ್ಲವಾ ಅಂತ. ನನಗೂ ತುಂಬಾ ಜನ ಕೇಳಿದ್ದಾರೆ. ಅವರಿಗೆ ನಾನು ಹೇಳುವುದು ಓಟಗಳ ಲೆಕ್ಕ.

ಒಂದು ಲೂಜ್ ಓಟ ಮುಗಿಯಲು ಒಂದು ನಿಮಿಷವೂ ಬೇಡ. ಒಂದು ದಿನದಲ್ಲಿ ಕೆಲವೇ ಓಟ ಸಿಗುತ್ತವೆ, ಮೈಯೂ ಅದಕ್ಕಿಂತ ಜಾಸ್ತಿ ತಡೆಯುವುದಿಲ್ಲ. ಅಂದರೆ ಒಂದಿಡೀ ದಿನ ಕಷ್ಟಪಟ್ಟರೆ ಸಿಗುವ ಕಲಿಕೆ ನಾಲ್ಕೈದು ನಿಮಿಷದ್ದು. ಕ್ರಿಕೆಟ್‌ನಲ್ಲಿ ನೆಟ್‌ಗೆ ಹೋದ ಹುಡುಗಿ ಬೆಳಗಿನಿಂದ ನೂರಾರು ಚೆಂಡು ಆಡಬಹುದು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಭಾರತ ತಂಡದ ತನಕ ಹೋದರು, ಶುರು ಮಾಡಲು ಅವರಿಗೆ ಒಂದು ಬೀದಿ ಸಾಕಿತ್ತು. ಲೂಜ್‌ಗೆ ಬೀದಿ ಸಾಲದು. ಮಂಜು ಹಿಡಿದಿಡಲು ಪೈಪುಗಳಲ್ಲಿ ಅಮೋನಿಯಾದಂಥ ತಣ್ಣನೆಯ ದ್ರವ ಹರಿಸಬೇಕು, ಸುಮಾರು ಒಂದೂಕಾಲು ಕಿ.ಮೀ. ಉದ್ದದ ಕಾಂಕ್ರೀಟ್ ಕಾಲುವೆ ಕಟ್ಟಬೇಕು. ಕೇಶವನ್ ಆಡುತ್ತಿದ್ದ ಕಾಲಕ್ಕೆ ಜರ್ಮನಿಯಲ್ಲಿ ಅಂಥವು ನಾಲ್ಕಿದ್ದವು: ಕ್ಯೋನಿಗ್‌ಜೆ, ಓಬರ್‌ಹೋಫ್, ಆಲ್ಟೆನ್‌ಬರ್ಗ್, ವಿಂಟರ್‌ಬರ್ಗ್. ಭಾರತದಲ್ಲಿ ಒಂದೂ ಇಲ್ಲ. ಅಲ್ಲಿನ ಮಗು ಶಾಲೆ ಬಿಟ್ಟ ಮೇಲೆ ಟ್ರ್ಯಾಕ್‌ಗೆ ಹೋಗಿ ಇಳಿಯುತ್ತದೆ. ಇಲ್ಲಿಯವರು ಒಂದು ಓಟ ಬೇಕೆಂದರೆ ವೀಸಾ, ವಿಮಾನ, ಹೋಟೆಲ್, ಬಾಡಿಗೆ ಗಾಡಿ ಅಂತೆಲ್ಲ ನೋಡಬೇಕು. ಜರ್ಮನಿಯ ಗಿಯಾರ್ಗ್ ಹಾಕ್ಲ್ 1992, 1994, 1998 ಮೂರು ಸಲವೂ ಚಿನ್ನ ಗೆದ್ದರು. ಅವರ ಮನೆ ಇದ್ದದ್ದು ಕ್ಯೋನಿಗ್‌ಜೆ ಟ್ರ್ಯಾಕ್‌ನ ಹತ್ತಿರದಲ್ಲೇ. ಅವರ ಪ್ರತಿಭೆ ಬಗ್ಗೆ ನನ್ನದೇನೂ ತಕರಾರಿಲ್ಲ, ದೊಡ್ಡ ಆಟಗಾರ ಅವರು. ಆದರೆ ಅವರೂ ನಮ್ಮ ಹುಡುಗನೂ ಒಂದೇ ನಾಗಾನೋ ಟ್ರ್ಯಾಕ್‌ನಲ್ಲಿ ಮಲಗಿದಾಗ, ಬೆನ್ನ ಹಿಂದೆ ಇದ್ದ ಓಟಗಳ ಲೆಕ್ಕ ಹಾಕಿ ನೋಡಿ.

ಈ ಆಟದಲ್ಲಿ ಸಮಯ ಅಳೆಯುವುದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ. ಓಟಕ್ಕೆ ಮುಂಚೆ ಉಕ್ಕಿನ ಅಲಗು ಬೆಚ್ಚಗಿದೆಯಾ ಅಂತ ಅಳೆದು ನೋಡುತ್ತಾರೆ, ಬೆಚ್ಚಗಿದ್ದರೆ ಜಾಸ್ತಿ ಜಾರುತ್ತದೆ ಅಂತ. ಹಗುರ ಇರುವವರು ಒಂದು ಮಿತಿಯೊಳಗೆ ಸೀಸದ ತೂಕ ಕಟ್ಟಿಕೊಳ್ಳಬಹುದು, ಯಾಕೆಂದರೆ ಭಾರ ಇದ್ದವರು ವೇಗ. (ನಾವೂ ತಡೆಯಲಾರದ ವೇಗ ಬೇಕೆನಿಸಿದಾಗ ಹಿಂದೆ ಒಬ್ಬ ದಪ್ಪ ಹುಡುಗನನ್ನು ಕೂರಿಸಿಕೊಳ್ಳುತ್ತಿದ್ದೆವು.) ಇಷ್ಟು ಸೂಕ್ಷ್ಮ ಇರುವಲ್ಲಿ ಹಳೆಯ ಬಂಡಿ ಇದ್ದರೆ ಏನಾಗಬಹುದು ಯೋಚಿಸಿ. ವ್ಯಾಂಕೂವರ್‌ಗೆ ಮುಂಚೆ ಕೇಶವನ್‌ರ ಬಂಡಿ ಕೈ ಕೊಟ್ಟಾಗ ವಕೀಲರ ಒಂದು ಗುಂಪು ದುಡ್ಡು ಕೂಡಿಸಿ ಹೊಸದಕ್ಕೆ ಕೊಟ್ಟಿತು. ಎಷ್ಟೋ ವರ್ಷ ಅವರಿಗೆ ಕೋಚೇ ಇರಲಿಲ್ಲ. ತಾವೇ ತಾಲೀಮು, ತಾವೇ ರಿಪೇರಿ.

ಆ ಕೊರತೆಯೊಳಗೇ ಅವರು 2011ರಲ್ಲಿ ನಾಗಾನೋದಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಚಿನ್ನ ಗೆದ್ದರು. ಜಪಾನಿನವರನ್ನು ಜಪಾನಿನ ಟ್ರ್ಯಾಕ್‌ನಲ್ಲೇ ಹಿಂದೆ ಹಾಕಿದ್ದು, ಗಂಟೆಗೆ 134 ಕಿ.ಮೀ. ವೇಗ ಮುಟ್ಟಿದ್ದು. ಆಮೇಲೆ 2012, 2016, 2017, ಮತ್ತೆ ಮೂರು ಚಿನ್ನ. ನಾಲ್ಕು ಸಲ ಏಷ್ಯಾಕ್ಕೇ ಮೊದಲು. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ. ಮನಾಲಿಯ ರಸ್ತೆಯಲ್ಲಿ ಕುರಿಮಂದೆಯ ನಡುವೆ ಚಕ್ರದ ಬಂಡಿಯಲ್ಲಿ ಹೋದ ವಿಡಿಯೋ ಎಲ್ಲರೂ ನೋಡಿದ್ದಾರೆ. ಚಿನ್ನದ ವಿಷಯ ಕೇಳಿದರೆ ಹೌದಾ ಅನ್ನುತ್ತಾರೆ. ಇದೇ ನನಗೆ ನೋವು.

ಅದಕ್ಕಿಂತ ದೊಡ್ಡ ನೋವು ಸೋಚಿಯದ್ದು. 2012ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತದ ಒಲಿಂಪಿಕ್ ಸಂಸ್ಥೆಯನ್ನು ಅಮಾನತು ಮಾಡಿತ್ತು. ಚುನಾವಣೆಯ ಗಲಾಟೆ, ಸರ್ಕಾರದ ಕೈವಾಡ ಅಂತ ಕಾರಣ. ಹಾಗಾಗಿ ಸೋಚಿಗೆ ಹೋದ ಮೂವರು ಭಾರತೀಯರು, ಕೇಶವನ್, ಹಿಮಾಂಶು ಠಾಕೂರ್, ನದೀಂ ಇಕ್ಬಾಲ್, ಫೆಬ್ರವರಿ 7ರಂದು ಐದು ಉಂಗುರದ ಒಲಿಂಪಿಕ್ ಬಾವುಟದ ಕೆಳಗೆ ನಡೆದರು. ಕೇಶವನ್‌ರ ಸ್ಪರ್ಧೆ ಇದ್ದದ್ದು 8 ಮತ್ತು 9ರಂದು. ಸ್ವತಂತ್ರ ಆಟಗಾರ ಅಂತ ಹೆಸರು ಕರೆದರು. ಅವರು ಇಳಿದರು, 37ನೇ ಸ್ಥಾನ. 11ನೇ ತಾರೀಖು ಅಮಾನತು ತೆಗೆದರು. ಎರಡೇ ದಿನ! ಉಳಿದಿಬ್ಬರಿಗೆ ಭಾರತದ ಹೆಸರಿನಲ್ಲಿ ಸ್ಪರ್ಧಿಸಲು ಸಿಕ್ಕಿತು. ಇಟಲಿ ಬೇಡ, ನಾನು ಭಾರತದವನು ಅಂದ ಮನುಷ್ಯನಿಗೆ, ಅಷ್ಟೊತ್ತಿಗೆ 16 ವರ್ಷದಿಂದ ಆ ಬಾವುಟಕ್ಕಾಗಿ ಇಳಿಯುತ್ತಿದ್ದವನಿಗೆ, ಎರಡು ದಿನದಲ್ಲಿ ತಪ್ಪಿಹೋಯಿತು. ಆ ವಿಡಿಯೋದಲ್ಲಿ ಬಿದ್ದು ಮತ್ತೆ ಹತ್ತಿದ್ದೂ ಅದೇ ಸೋಚಿಯ ತಾಲೀಮಿನಲ್ಲಿ. ಜಗತ್ತೆಲ್ಲ ಅದನ್ನು ನೋಡಿ ಚಪ್ಪಾಳೆ ಹೊಡೆಯಿತು, ಪಕ್ಕದಲ್ಲಿ ದೇಶದ ಹೆಸರು ಇರಲಿಲ್ಲ.

ಅಷ್ಟಾದ ಮೇಲೂ ಅವರು ಬಿಡಲಿಲ್ಲ. ಅಮೆರಿಕದ ಹಳೆಯ ಆಟಗಾರ ಡಂಕನ್ ಕೆನಡಿ ಕೋಚ್ ಆಗಿ ಜೊತೆ ಸೇರಿದರು. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್, ಆರನೇ ಒಲಿಂಪಿಕ್ಸ್, ವಯಸ್ಸು 36. ಈ ಸಲ ಕೈಯಲ್ಲಿ ಭಾರತದ ಬಾವುಟ ಇತ್ತು, ಅದನ್ನು ಹಿಡಿದು ನಡೆದವರು ಅವರೇ. ನಾಲ್ಕನೇ ಓಟ ಮೊದಲ 20 ಜನಕ್ಕೆ ಮಾತ್ರ, ಹಾಗಾಗಿ ಮೂರನೆಯದೇ ಅವರ ಕೊನೆಯ ಓಟ. 34ನೇ ಸ್ಥಾನ. ಹಿಂದಿನ ಎರಡು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಜರ್ಮನಿಯ ಫೆಲಿಕ್ಸ್ ಲೋಕ್, ಮುಂದಿದ್ದವರು, ಅದೇ ಟ್ರ್ಯಾಕ್‌ನಲ್ಲಿ ಕೊನೆಯ ಓಟದಲ್ಲಿ ಒಂದು ತಿರುವಿನಲ್ಲಿ ಸ್ವಲ್ಪ ಎಡವಿ ಪದಕವನ್ನೇ ಕಳೆದುಕೊಂಡರು. ಅಷ್ಟು ಪಳಗಿದ ಮೈ ಕೂಡ ಒಂದು ಕ್ಷಣ ಮಾತು ಕೇಳದೆ ಹೋಗಬಹುದು. ಕೇಶವನ್‌ಗೆ 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೊದಲ ಒಲಿಂಪಿಕ್ಸ್ ಆಗಿ 22 ವರ್ಷದ ಮೇಲೆ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಅಣ್ಣ ಈಗ ಗಿರಿಗೆ ಪ್ರವಾಸಿಗಳನ್ನು ಕರೆದುಕೊಂಡು ಹೋಗುವ ಜೀಪ್ ಓಡಿಸುತ್ತಾನೆ. ಆ ರಸ್ತೆಯ ಒಂದೊಂದು ಗುಂಡಿಯೂ ಅವನಿಗೆ ಗೊತ್ತು, ಮಂಜು ಕವಿದು ಬಾನೆಟ್ ಕಾಣದಿದ್ದಾಗಲೂ ಕೈ ಸಡಿಲ ಬಿಟ್ಟೇ ಓಡಿಸುತ್ತಾನೆ. ಕೈಮರದಲ್ಲಿ ಟೀ ಕುಡಿಯುವಾಗ ಫೋನ್‌ನಲ್ಲಿ ಅವನಿಗೆ ಎರಡೂ ವಿಡಿಯೋ ತೋರಿಸಿದೆ. ಸೋಚಿಯದ್ದನ್ನು ನೋಡಿ ಏನೂ ಹೇಳಲಿಲ್ಲ, ಮತ್ತೊಂದು ಸಲ ಹಾಕು ಅಂದ. ಆಮೇಲೆ ಹಿಮಾಲಯದ ರಸ್ತೆಯದ್ದು. ಚಕ್ರದ ಬಂಡಿ, ಕೆಳಗೆ ಮಲಗಿದ ಮನುಷ್ಯ, ಪಕ್ಕದಲ್ಲೇ ಲಾರಿ, ಮುಂದೆ ಕುರಿಗಳು. ಅವನು ಎಷ್ಟನೇ ಸ್ಥಾನ ಬಂದ, ಪದಕ ಬಂತಾ ಅಂತ ಕೇಳಲೇ ಇಲ್ಲ. ಟೀ ಲೋಟ ಕೆಳಗಿಟ್ಟು ಫೋನನ್ನು ಹತ್ತಿರ ಹಿಡಿದು ಒಂದು ತಿರುವಿನ ಹತ್ತಿರ ನಿಲ್ಲಿಸಿ, ಡಾಂಬರನ್ನೇ ನೋಡುತ್ತಾ ಕೇಳಿದ.

"ಅಲ್ಲ, ಇವನಿಗೆ ಮರಳು ಯಾರು ಗುಡಿಸಿಕೊಟ್ರು?"